ಒಲೆಗೆ ಬಿದ್ದ ಕಡತ, ಹೆಗಲಿಗೇರಿದ 32 ವರ್ಷ

1932ರ ನವೆಂಬರ್. ಟೆಹರಾನ್. ಪರ್ಷಿಯಾದ ದೊರೆ ರೆಜಾ ಶಾ ಪಹ್ಲವಿ ಮಂತ್ರಿಗಳ ಸಭೆಗೆ ಬಂದ. ತೈಲ ಕಂಪನಿಯ ಕಡತ ಎಲ್ಲಿ ಅಂತ ಕೇಳಿದ. ತಂದುಕೊಟ್ಟರು. ಸಿಟ್ಟಿನಲ್ಲಿ ಅದನ್ನೆತ್ತಿ ಉರಿಯುತ್ತಿದ್ದ ಒಲೆಗೆ ಎಸೆದ ಅಂತ ಇವತ್ತಿಗೂ ಕಥೆ ಹೇಳ್ತಾರೆ. ಕಥೆಯಲ್ಲಿ ಉಪ್ಪುಖಾರ ಎಷ್ಟಿದೆಯೋ ಏನೋ, ಆದರೆ ನವೆಂಬರ್ 27ರಂದು ಹಣಕಾಸು ಮಂತ್ರಿ ತಖೀಜಾದೆ ಸಹಿ ಹಾಕಿದ ಪತ್ರ ಕಂಪನಿಗೆ ಹೋಗಿದ್ದು ನಿಜ. ಒಂದೇ ಪತ್ರ. ಆಂಗ್ಲೋ-ಪರ್ಷಿಯನ್ ಆಯಿಲ್ ಕಂಪನಿಯ ಗುತ್ತಿಗೆ ರದ್ದು!

ಯಾವ ಗುತ್ತಿಗೆ ಅದು? 1901ರಲ್ಲಿ ವಿಲಿಯಂ ನಾಕ್ಸ್ ಡಾರ್ಸಿ ಅನ್ನೋ ಶ್ರೀಮಂತನಿಗೆ ಪರ್ಷಿಯಾದ ಹಳೇ ರಾಜಮನೆತನ ಬರೆದುಕೊಟ್ಟಿದ್ದು. ಅವಧಿ 60 ವರ್ಷ. ಉತ್ತರದ ಐದು ಪ್ರಾಂತ್ಯ ಬಿಟ್ಟು ಇಡೀ ದೇಶದ ನೆಲದಡಿಯ ಎಣ್ಣೆ ಅವನದು. ದೇಶಕ್ಕೆ ಸಿಗೋದು 20 ಸಾವಿರ ಪೌಂಡ್ ನಗದು, ಅಷ್ಟೇ ಮೊತ್ತದ ಷೇರು, ಮುಂದೆ ನಿವ್ವಳ ಲಾಭದಲ್ಲಿ ಶೇ. 16. 1908ರಲ್ಲಿ ಮಸ್ಜಿದ್ ಸುಲೈಮಾನ್‌ನಲ್ಲಿ ಎಣ್ಣೆ ಚಿಮ್ಮಿತು. 1914ರಲ್ಲಿ ಬ್ರಿಟಿಷ್ ಸರ್ಕಾರವೇ ಕಂಪನಿಯ ಅರ್ಧಕ್ಕಿಂತ ಹೆಚ್ಚು ಪಾಲು ಖರೀದಿಸಿತು. ಅಲ್ಲಿಂದಾಚೆಗೆ ಕಂಪನಿ ಜೊತೆ ಜಗಳ ಅಂದರೆ ಬ್ರಿಟನ್ ಜೊತೆಗೇ ಜಗಳ.

ಜಗಳ ಹತ್ತಿಕೊಂಡಿದ್ದು ದುಡ್ಡಿಗೆ. 1930ರಲ್ಲಿ ಪರ್ಷಿಯಾಕ್ಕೆ ಸಿಕ್ಕ ಪಾಲು ಸುಮಾರು 12.88 ಲಕ್ಷ ಪೌಂಡ್. ಮರುವರ್ಷ ಜಗತ್ತಿಗೆಲ್ಲ ಆರ್ಥಿಕ ಕುಸಿತ ಬಡಿದಾಗ ಅದು 3.07 ಲಕ್ಷಕ್ಕೆ ಇಳೀತು. ನಾಲ್ಕರಲ್ಲಿ ಮೂರು ಪಾಲು ಮಾಯ! ಲಾಭದ ಲೆಕ್ಕ ಬರೆಯೋನು ಕಂಪನಿ, ಅದನ್ನು ನಂಬಬೇಕಾದೋನು ದೇಶ. ಯಾವ ದೊರೆಗೆ ತಾನೇ ಪಿತ್ತ ನೆತ್ತಿಗೇರಲ್ಲ ಹೇಳಿ? ರದ್ದತಿಯ ಸುದ್ದಿಗೆ ಟೆಹರಾನ್‌ನಲ್ಲಿ ಸಂಭ್ರಮಾಚರಣೆ ನಡೀತು.

ಆದರೆ ಆ ಪತ್ರವನ್ನೇ ಸರಿಯಾಗಿ ಓದಿ. ಹೊಸ ಕರಾರಿಗೆ ಮಾತುಕತೆಯಾಡಲು ತಯಾರಿದ್ದೇವೆ ಅಂತಲೂ ಅದರಲ್ಲಿತ್ತು. ಅಂದರೆ ಶಾಗೆ ಕಂಪನಿಯನ್ನು ಓಡಿಸೋ ಉದ್ದೇಶ ಇರಲಿಲ್ಲ. ಜಾಸ್ತಿ ದುಡ್ಡು ಬೇಕಿತ್ತು. ರದ್ದತಿ ಅನ್ನೋದು ಚೌಕಾಶಿಯ ಮೊದಲ ಕೂಗು. ಇದು ಎದುರಿನವರಿಗೂ ಗೊತ್ತಿತ್ತು.

ಬ್ರಿಟನ್ ಸುಮ್ಮನಿರುತ್ತಾ? ರದ್ದತಿ ವಾಪಸ್ ತಗೊಳ್ಳಿ, ಇಲ್ಲಾಂದ್ರೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗ್ತೀವಿ ಅಂತು. ಪರ್ಷಿಯಾ ಕೊಟ್ಟ ಉತ್ತರ ಚುರುಕಾಗಿತ್ತು: ಇದು ಒಂದು ಸರ್ಕಾರ ಮತ್ತು ಒಂದು ಕಂಪನಿಯ ನಡುವಿನ ವ್ಯವಹಾರ, ಎರಡು ದೇಶಗಳ ಒಪ್ಪಂದವಲ್ಲ, ಆ ನ್ಯಾಯಾಲಯಕ್ಕೆ ಇದರಲ್ಲಿ ಅಧಿಕಾರವೇ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಡಿಸೆಂಬರ್ 14ರಂದು ಬ್ರಿಟನ್ ವಿವಾದವನ್ನು ರಾಷ್ಟ್ರಸಂಘದ ಮಂಡಳಿಗೆ ಒಯ್ದಿತು. ಇವತ್ತಿನ ವಿಶ್ವಸಂಸ್ಥೆಗಿಂತ ಮೊದಲಿದ್ದ ಸಂಸ್ಥೆ ಅದು, ಜಿನೀವಾದಲ್ಲಿತ್ತು. ಬ್ರಿಟನ್ ಪರ ವಿದೇಶಾಂಗ ಸಚಿವ ಸರ್ ಜಾನ್ ಸೈಮನ್, ಪರ್ಷಿಯಾ ಪರ ನ್ಯಾಯ ಮಂತ್ರಿ ಅಲಿ ಅಕ್ಬರ್ ದಾವರ್. ಮಧ್ಯಸ್ಥಿಕೆಗೆ ನಿಂತವರು ಚೆಕೊಸ್ಲೊವಾಕಿಯಾದ ಎಡ್ವರ್ಡ್ ಬೆನೆಶ್. 1933ರ ಫೆಬ್ರವರಿ 3ಕ್ಕೆ ಒಂದು ದಾರಿ ಸಿಕ್ಕಿತು. ಜಿನೀವಾದ ವಿಚಾರಣೆ ಸದ್ಯಕ್ಕೆ ಬಂದ್, ಕಂಪನಿಯೂ ಪರ್ಷಿಯಾವೂ ಎದುರುಬದುರು ಕೂತು ಮಾತಾಡಲಿ. ಯಾರು ಗೆದ್ದರು, ಯಾರು ಸೋತರು ಅಂತ ಯಾರೂ ಹೇಳಬೇಕಾಗಲಿಲ್ಲ. ರಾಜತಾಂತ್ರಿಕತೆ ಅಂದ್ರೆ ಅದೇ ತಾನೇ!

ಈಗ ಮೇಜಿನ ಮುಂದೆ ಯಾರು ಹೇಗೆ ಕೂತಿದ್ದರು ನೋಡಿ. ಕಂಪನಿ ಪರ ಅದರ ಅಧ್ಯಕ್ಷ ಸರ್ ಜಾನ್ ಕ್ಯಾಡ್ಮನ್ ಏಪ್ರಿಲ್‌ನಲ್ಲಿ ಸ್ವತಃ ಟೆಹರಾನ್‌ಗೆ ಬಂದರು. ಪರ್ಷಿಯಾ ಪರ? ವರ್ಷಗಟ್ಟಲೆ ಇದೇ ಕ್ಯಾಡ್ಮನ್ ಜೊತೆ ಚೌಕಾಶಿ ಮಾಡಿ ಕಡತದ ಒಳಹೊರಗು ಅರೆದು ಕುಡಿದಿದ್ದವರು ಆಸ್ಥಾನ ಮಂತ್ರಿ ತೈಮೂರ್ತಾಶ್. ಅವರನ್ನು ಶಾ ಡಿಸೆಂಬರ್‌ನಲ್ಲೇ ಕಿತ್ತು ಹಾಕಿದ್ದ. ಆಮೇಲೆ ಜೈಲಿಗೆ ತಳ್ಳಿದ. 1933ರಲ್ಲಿ ಅವರು ಜೈಲಲ್ಲೇ ಸತ್ತರು. ಪಂದ್ಯದ ನಡುವೆ ತನ್ನದೇ ಪಾಳಯದ ಅನುಭವಿಯನ್ನು ಹೊರಗೆ ಹಾಕಿದ ಹಾಗಾಯ್ತು. ಉಳಿದವರು ದೊರೆಯ ಮುಖ ನೋಡಿ ಮಾತಾಡೋರು.

ಮಾತುಕತೆ ಮುರಿದುಬೀಳುವ ಹಂತಕ್ಕೆ ಬಂತು. ಕ್ಯಾಡ್ಮನ್ ಹೊರಡಲು ಸಿದ್ಧರಾದರು. ಆಗ ಶಾ ಖುದ್ದಾಗಿ ನಡುವೆ ಬಂದ. ಏಪ್ರಿಲ್ ಕೊನೆಗೆ ಸಹಿ ಬಿತ್ತು, ಮೇ 28ಕ್ಕೆ ಸಂಸತ್ತು ಮುದ್ರೆ ಒತ್ತಿತು.

ಸಿಕ್ಕಿದ್ದೇನು? ಪ್ರತಿ ಟನ್ ಎಣ್ಣೆಗೆ 4 ಶಿಲಿಂಗ್. ಒಂದು ಮಿತಿ ದಾಟಿದ ಲಾಭಾಂಶದಲ್ಲಿ ಶೇ. 20. ವರ್ಷಕ್ಕೆ ಕನಿಷ್ಠ 7.5 ಲಕ್ಷ ಪೌಂಡ್ ಗ್ಯಾರಂಟಿ. ಗುತ್ತಿಗೆಯ ನೆಲ ಹಂತಹಂತವಾಗಿ 1 ಲಕ್ಷ ಚದರ ಮೈಲಿಗೆ ಇಳಿಕೆ. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಕೊಟ್ಟಿದ್ದೇನು? ಹಳೇ ಗುತ್ತಿಗೆ 1961ಕ್ಕೆ ತಾನಾಗಿಯೇ ಮುಗಿದು ಹೋಗುತ್ತಿತ್ತು. ಹೊಸದು 1993ರವರೆಗೆ! ಮೂವತ್ತೆರಡು ವರ್ಷ ಹೆಚ್ಚು. ಜೊತೆಗೆ ಇನ್ನೊಂದು ಷರತ್ತು: ಇದನ್ನು ಸರ್ಕಾರ ರದ್ದು ಮಾಡುವಂತಿಲ್ಲ, ಮುಂದೆ ಕಾನೂನು ತಂದು ಬದಲಿಸುವಂತೆಯೂ ಇಲ್ಲ. ರದ್ದು ಮಾಡಿ ಕೂತವನ ಕೈಯಿಂದಲೇ, ಇನ್ನು ರದ್ದು ಮಾಡಲ್ಲ ಅಂತ ಬರೆಸಿಕೊಂಡರು. ಸಹಿ ಹಾಕಿದ ತಖೀಜಾದೆಯವರೇ 1949ರಲ್ಲಿ ಸಂಸತ್ತಿನಲ್ಲಿ ನಿಂತು, ತಾನಲ್ಲಿ ಬರೀ ಉಪಕರಣ ಆಗಿದ್ದೆ, ಅವಧಿ ವಿಸ್ತರಣೆ ತನಗಾಗಲಿ ಜೊತೆಗಿದ್ದವರಿಗಾಗಲಿ ಬೇಕಿರಲಿಲ್ಲ ಅನ್ನೋ ಅರ್ಥದ ಮಾತಾಡಿದರು.

ಬಾಕಿ ಲೆಕ್ಕ ಚುಕ್ತಾ ಮಾಡಲು ಹೊರಟವರು ಮೊಹಮ್ಮದ್ ಮೊಸಾದೆಕ್. 1951ರಲ್ಲಿ ಇರಾನ್ ತೈಲವನ್ನು ರಾಷ್ಟ್ರೀಕರಣ ಮಾಡಿತು. ಬ್ರಿಟನ್ ಹೇಗ್‌ಗೆ ಓಡಿತು. 1933ರ ಕರಾರು ರಾಷ್ಟ್ರಸಂಘದ ಮುಂದೆ ಹುಟ್ಟಿದ್ದು, ಹಾಗಾಗಿ ಅದು ಎರಡು ದೇಶಗಳ ಒಪ್ಪಂದವೂ ಹೌದು ಅಂತ ವಾದಿಸಿತು. 1952ರ ಜುಲೈ 22ರಂದು ನ್ಯಾಯಾಲಯ 9-5 ಮತಗಳಿಂದ ಹೇಳಿತು: ಅದು ಸರ್ಕಾರ ಮತ್ತು ಕಂಪನಿಯ ನಡುವಿನ ಕರಾರು ಮಾತ್ರ, ನಮಗೆ ಅಧಿಕಾರವಿಲ್ಲ. ನೆನಪಿದೆಯಾ? ಇಪ್ಪತ್ತು ವರ್ಷ ಹಿಂದೆ ಪರ್ಷಿಯಾ ಹೇಳಿದ್ದೂ ಇದನ್ನೇ. ಬ್ರಿಟಿಷ್ ನ್ಯಾಯಾಧೀಶ ಮ್ಯಾಕ್‌ನೇರ್ ಕೂಡ ಬಹುಮತದ ಜೊತೆಗೇ ನಿಂತರು. ಆದರೆ ಕೋರ್ಟಲ್ಲಿ ಗೆದ್ದವರನ್ನು ಬೀದಿಯಲ್ಲಿ ಸೋಲಿಸಿದರು. 1953ರ ಆಗಸ್ಟ್‌ನಲ್ಲಿ ಅಮೆರಿಕ, ಬ್ರಿಟನ್ ಗುಪ್ತಚರರು ಕೈಯಾಡಿಸಿದ ದಂಗೆಯಲ್ಲಿ ಮೊಸಾದೆಕ್ ಸರ್ಕಾರ ಉರುಳಿತು. ಮರುವರ್ಷ ವಿದೇಶಿ ಕಂಪನಿಗಳ ಒಕ್ಕೂಟವೇ ಬಂತು.

ನಮಗ್ಯಾಕೆ ಈ ಪುರಾಣ ಅಂತೀರಾ? ಬಂದರು, ಗಣಿ, ಗ್ಯಾಸ್, ಯಾವ ಕರಾರು ಬೇಕಾದರೂ ತಗೊಳ್ಳಿ. ರದ್ದಾದ ದಿನ ಟಿವಿಯಲ್ಲಿ ನಾವೂ ದೊಡ್ಡ ಅಕ್ಷರದಲ್ಲಿ ಬ್ರೇಕಿಂಗ್ ಹಾಕ್ತೀವಿ, ನೀವೂ ನೋಡಿ ಚಪ್ಪಾಳೆ ಹೊಡೀತೀರಿ. ಆರು ತಿಂಗಳ ನಂತರ ಹೊಸ ಕರಾರು ಬಂದಾಗ ಒಳಪುಟದಲ್ಲಿ ನಾಲ್ಕು ಸಾಲು. ಅಸಲಿ ಸುದ್ದಿ ಇರೋದು ಆ ನಾಲ್ಕು ಸಾಲಲ್ಲಿ. ದುಡ್ಡು ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಎಷ್ಟು ವರ್ಷ, ಮುರಿಯೋ ಹಕ್ಕು ಯಾರ ಕೈಯಲ್ಲಿ, ತಕರಾರು ಬಂದ್ರೆ ತೀರ್ಪು ಕೊಡೋರು ಯಾರು ಅನ್ನೋದನ್ನ ಕೇಳೋರು ಕಮ್ಮಿ. ರೆಜಾ ಶಾ ದುಡ್ಡಿನ ಅಂಕಣ ನೋಡಿ ಸಹಿ ಮಾಡಿಸಿದ. ವರ್ಷದ ಅಂಕಣ ಓದಿದ್ದು ಕ್ಯಾಡ್ಮನ್. ಬೆಲೆ ತೆತ್ತಿದ್ದು ಇರಾನಿನ ಜನ.