ವೈಮಾನಿಕರ ಸಂಬಳವೂ ಸಣ್ಣ ಊರುಗಳ ವಿಮಾನವೂ

ಅಮೆರಿಕದ ಸಣ್ಣ ಪಟ್ಟಣದಲ್ಲಿ ವಿಮಾನವನ್ನೇರುವವನು ತನ್ನ ಟಿಕೆಟ್ಟಿನ ಮೇಲೂ ವಿಮಾನದ ಮೈಮೇಲೂ ಯಾವುದೋ ಒಂದು ಹಿರಿಯ ಕಂಪೆನಿಯ ಹೆಸರನ್ನೇ ಕಾಣುವನು. ಆದರೆ ಅದನ್ನು ನಡೆಸತಕ್ಕವರು ಅನೇಕ ವೇಳೆ ಗುತ್ತಿಗೆ ಹಿಡಿದ ಬೇರೊಂದು ಪ್ರಾಂತೀಯ ಕಂಪೆನಿಯ ನೌಕರರು. ಕಡಮೆ ಹಣಕ್ಕೆ ಹಾರಿಸಲೊಪ್ಪಿದವರಿಗೆ ಗುತ್ತಿಗೆ. ಎಣ್ಣೆಯ ವೆಚ್ಚವನ್ನು ಸಾಮಾನ್ಯವಾಗಿ ಹಿರಿಯ ಕಂಪೆನಿಯೇ ಹೊರುವುದರಿಂದ, ಕಿರಿಯದಕ್ಕೆ ಕತ್ತರಿಯಾಡಿಸಲು ಉಳಿಯುವುದು ಮುಖ್ಯವಾಗಿ ನೌಕರರ ಸಂಬಳವೇ.

ಈ ಏರ್ಪಾಡಿನ ಒಳಗುಟ್ಟು ಜನರಿಗೆ ತಿಳಿದುದು 2009ನೆಯ ಇಸವಿಯಲ್ಲಿ. ಫೆಬ್ರವರಿ 12ರ ರಾತ್ರಿ, ಕಾಂಟಿನೆಂಟಲ್ ಕಂಪೆನಿಯ ಹೆಸರಿನಲ್ಲಿ ಕೋಲ್ಗನ್ ಕಂಪೆನಿಯು ನ್ಯೂಅರ್ಕಿನಿಂದ ನಡೆಸುತ್ತಿದ್ದ ವಿಮಾನವು ಬಫಲೋ ಪಟ್ಟಣದ ಬಳಿ ಮನೆಯೊಂದರ ಮೇಲೆ ಬಿದ್ದು 50 ಮಂದಿ ಮಡಿದರು. ಅಪಾಯಸೂಚನೆಗೆ ಮುಖ್ಯ ಚಾಲಕನು ತಪ್ಪಾಗಿ ವರ್ತಿಸಿದುದೇ ಕಾರಣವೆಂದು ತನಿಖೆಯವರು ತೀರ್ಮಾನಿಸಿದರು. ಆದರೆ ಅದೇ ವಿಚಾರಣೆಯಲ್ಲಿ ಸಹಚಾಲಕಿಯ ಸಂಗತಿಯೂ ಹೊರಬಿದ್ದಿತು. ಆಕೆಯ ವರ್ಷದ ಸಂಬಳ ಸುಮಾರು 16 ಸಾವಿರ ಡಾಲರೆಂದು ಅಲ್ಲಿ ಕೇಳಿಬಂದಿತು. ಅದಕ್ಕಿಂತ ಹೆಚ್ಚೆಂದು ಕಂಪೆನಿಯು ಆಮೇಲೆ ಹೇಳಿತು. ಆಕೆ ಇದ್ದುದು ದೇಶದ ಇನ್ನೊಂದು ಕೊನೆಯಲ್ಲಿ, ಸಿಯಾಟಲ್ ಪಟ್ಟಣದ ಬಳಿ, ತಂದೆತಾಯಿಗಳ ಮನೆಯಲ್ಲಿ. ಹಿಂದಿನ ರಾತ್ರಿಯೆಲ್ಲ ಪ್ರಯಾಣಮಾಡಿ ಕೆಲಸಕ್ಕೆ ಬಂದಿದ್ದರು. ಐವತ್ತು ಜೀವಗಳ ಹೊಣೆ ಹೊತ್ತವರಿಗೆ ಮಲಗಲೊಂದು ಕೋಣೆಯಿಲ್ಲವೆಂದರೆ, ಅದು ಕೇವಲ ಆಳು-ಧಣಿಗಳ ವ್ಯವಹಾರವೆಂದು ತಳ್ಳಿಹಾಕಬಹುದೆ?

2010ರಲ್ಲಿ ಶಾಸನವಾಯಿತು. ಹಿಂದೆ 250 ಘಂಟೆಗಳಷ್ಟು ಹಾರಿದವರೂ ಸಹಚಾಲಕರಾಗಬಹುದಿತ್ತು. 2013ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 1500 ಘಂಟೆಗಳು ಬೇಕಾದವು. ಚಾಲಕರ ಅಭಾವಕ್ಕೆ ಈ ನಿಯಮವೇ ಮೂಲವೆಂದು ಕಂಪೆನಿಗಳು ದೂರಿದವು. ಸಂಬಳವೇ ಮೂಲವೆಂದು ಚಾಲಕರ ಸಂಘದವರು ಉತ್ತರಕೊಟ್ಟರು. ನಿಯಮದಿಂದ ಕಷ್ಟವಾದುದು ಸುಳ್ಳಲ್ಲ. ಆದರೆ ಸಾಲಮಾಡಿ ವಿದ್ಯೆ ಕಲಿತವನು ಆ ಸಂಬಳಕ್ಕೆ ಏಕೆ ಬರಬೇಕು, ಬಂದರೂ ಏಕೆ ನಿಲ್ಲಬೇಕು ಎಂಬುದಕ್ಕೆ ಕಂಪೆನಿಗಳಲ್ಲಿ ಸಮಾಧಾನವಿರಲಿಲ್ಲ. ಈ ವೃತ್ತಿಯಲ್ಲಿ ಮತ್ತೊಂದು ಕಂಪೆನಿಗೆ ಹೋದವನು ಎಷ್ಟು ಅನುಭವಿಯಾದರೂ ಹಿರಿತನದ ಪಟ್ಟಿಯಲ್ಲಿ ಕಟ್ಟಕಡೆಯವನೇ ಆಗುವನು. ಆದುದರಿಂದ ಹೋಗತಕ್ಕವನು ಬೇಗನೆ ಹೋಗುವನು. ಇನಾಮಿನ ಆಸೆ ಅವನನ್ನು ಬಹುಕಾಲ ಹಿಡಿಯಲಾರದು.

2016ರ ಫೆಬ್ರವರಿಯಲ್ಲಿ ರಿಪಬ್ಲಿಕ್ ಎಂಬ ಪ್ರಾಂತೀಯ ಕಂಪೆನಿಯು ಚಾಲಕರ ಕೊರತೆಯನ್ನು ಮುಂದಿಟ್ಟು ದಿವಾಳಿಯ ಕಾನೂನಿನ ಆಶ್ರಯವನ್ನು ಬೇಡಿತು. 2020ರ ಸಾಂಕ್ರಾಮಿಕದ ಕಾಲದಲ್ಲಿ ಹಿರಿಯ ಕಂಪೆನಿಗಳು ಸಾವಿರಾರು ಚಾಲಕರಿಗೆ ಅವಧಿಗೆ ಮುನ್ನವೇ ವಿಶ್ರಾಂತಿ ಕೊಟ್ಟು ಕಳುಹಿಸಿ, ಪ್ರಯಾಣಿಕರು ಮರಳಿದೊಡನೆ ಕಿರಿಯ ಕಂಪೆನಿಗಳವರನ್ನು ಸೆಳೆದುಕೊಂಡವು. ಎಂದಿನಂತೆ ಪೆಟ್ಟು ಬಿದ್ದುದು ಸಣ್ಣ ಊರುಗಳಿಗೆ. ಸರ್ಕಾರದ ಸಹಾಯಧನದಿಂದ ವಿಮಾನ ಕಾಣುತ್ತಿದ್ದ 29 ಊರುಗಳನ್ನು ಬಿಡುವುದಾಗಿ ಸ್ಕೈವೆಸ್ಟ್ ಕಂಪೆನಿಯು 2022ರ ಮಾರ್ಚಿಯಲ್ಲಿ ತಿಳಿಸಿತು. ಬೇರೆಯವರು ದೊರೆಯುವವರೆಗೆ ಬಿಡಕೂಡದೆಂದು ಸರ್ಕಾರವು ತಡೆಹಿಡಿಯಬೇಕಾಯಿತು.

ಅದೇ ವರ್ಷದ ಜೂನ್ ತಿಂಗಳಲ್ಲಿ, ಅಮೆರಿಕನ್ ಏರ್‌ಲೈನ್ಸಿಗೆ ಸೇರಿದ ಪೀಡ್‌ಮಾಂಟ್ ಮತ್ತು ಎನ್‌ವಾಯ್ ಎಂಬೆರಡು ಪ್ರಾಂತೀಯ ಕಂಪೆನಿಗಳು ಮೊದಲ ವರ್ಷದ ಸಹಚಾಲಕನಿಗೆ ಘಂಟೆಗೆ 90 ಡಾಲರು ಕೊಡಲು ಒಪ್ಪಿದವು. ಹೆಚ್ಚಳದ ಒಂದು ಭಾಗ ಮಾತ್ರ 2024ರ ಆಗಸ್ಟಿನವರೆಗೆಂಬ ಷರತ್ತಿನ ಮೇಲೆ. ಇಲ್ಲವೆಂದು ವರ್ಷಾನುಗಟ್ಟಲೆ ಹೇಳಿದ ಹಣವು ಕೆಲವೇ ತಿಂಗಳುಗಳಲ್ಲಿ ಎಲ್ಲಿಂದ ಬಂದಿತೆಂಬುದನ್ನು ಆ ಕಂಪೆನಿಗಳ ಲೆಕ್ಕಿಗರೇ ಹೇಳಬೇಕು.