ಹಾರಿ ಬಂದವರ ಸಲ್ಲಾಪ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸಾರ್ವಜನಿಕರ ಉಪಯೋಗಕ್ಕೆ ತೆರೆದಿರುವ ವಿಮಾನ ನಿಲ್ದಾಣಗಳು ಸುಮಾರು 5000 ಇವೆ. ಟಿಕೆಟು ಕೊಂಡು ಹೋಗುವ ಪ್ರಯಾಣಿಕರ ದೊಡ್ಡ ವಿಮಾನಗಳು ಬಂದಿಳಿಯುವುದು ಅವುಗಳಲ್ಲಿ ಹೆಚ್ಚುಕಡಮೆ ಹತ್ತರಲ್ಲೊಂದು ಪಾಲಿಗೆ ಮಾತ್ರ. ಉಳಿದವು ಜೋಳದ ಹೊಲಗಳ ನಡುವೆ, ನದೀತೀರಗಳಲ್ಲಿ, ಬೆಟ್ಟದ ತಪ್ಪಲುಗಳಲ್ಲಿ ಹರಡಿಕೊಂಡಿರುವ ಚಿಕ್ಕ ನಿಲ್ದಾಣಗಳು: ಒಂದು ರನ್‌ವೇ, ಗಾಳಿಯ ದಿಕ್ಕನ್ನು ತೋರುವ ಬಟ್ಟೆಯ ಚೀಲ, ತಗಡಿನ ಹ್ಯಾಂಗರುಗಳ ಒಂದೆರಡು ಸಾಲು, ಇಂಧನದ ಪಂಪು, ಕೆಲವು ಕಡೆಗಳಲ್ಲಿ ಒಂದು ಉಪಾಹಾರಗೃಹ. ಶನಿವಾರದ ಬೆಳಗ್ಗೆ ಇಂಥ ಸ್ಥಳಕ್ಕೆ ಹೋದವರಿಗೆ, ಕಾಫಿಯನ್ನು ಮುಂದಿಟ್ಟುಕೊಂಡು, ಈಚೆಗೆ ತಾವು ಎಲ್ಲಿಗೆ ಹಾರಿಹೋದೆವು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಇಳಿಯುವಾಗ ಚಕ್ರಗಳು ನೆಲವನ್ನು ಹೇಗೆ ಮುಟ್ಟಿದವು ಎಂಬುದನ್ನು ಒಬ್ಬರಿಗೊಬ್ಬರು ವಿವರವಾಗಿ ಹೇಳಿಕೊಳ್ಳುತ್ತಿರುವ ನಾಲ್ಕಾರು ಮಂದಿ ಕಾಣಸಿಗುವರು. ಅವರಲ್ಲಿ ರೈತರಿರಬಹುದು, ವೈದ್ಯರಿರಬಹುದು, ಶಾಲೆಯ ಉಪಾಧ್ಯಾಯಿನಿಯಿರಬಹುದು. ವಿಮಾನ ನಡೆಸುವುದು ಅವರಲ್ಲಿ ಯಾರ ಜೀವನೋಪಾಯವೂ ಅಲ್ಲ. ಹೊರಗಿನವರ ಕಣ್ಣಿಗೆ ಕಾಲಹರಣದಂತೆ ತೋರುವ ಈ ಮಾತುಕತೆ, ಪ್ರಾಣದೊಡನೆ ಸಂಬಂಧವುಳ್ಳ ಒಂದು ವಿದ್ಯೆಯನ್ನು ಕಾಪಾಡಿಕೊಂಡು ಬರುವ ಕ್ರಮವೆಂದು ನಾನು ನಂಬಿದ್ದೇನೆ.

ಇವರ ಕೈಯಲ್ಲಿರುವುದು ಖಾಸಗಿ ಪೈಲಟ್ ಲೈಸೆನ್ಸು. ಅದನ್ನು ಪಡೆಯಲು 17 ವರ್ಷ ತುಂಬಿರಬೇಕು; ಕನಿಷ್ಠಪಕ್ಷ 40 ಗಂಟೆಗಳ ಹಾರಾಟವಾಗಿರಬೇಕು (ಬಹುಮಂದಿಗೆ ಅಷ್ಟು ಸಾಲುವುದಿಲ್ಲ); ಲಿಖಿತ ಪರೀಕ್ಷೆ ಮುಗಿಸಿ, ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿ ತೋರಿಸಬೇಕು. ಈ ಲೈಸೆನ್ಸಿನ ಬಲದಿಂದ ಬಾಡಿಗೆಗೆ ಜನರನ್ನು ಕರೆದೊಯ್ಯುವಂತಿಲ್ಲ; ಜೊತೆಗೆ ಬಂದ ಮಿತ್ರರೊಡನೆ ಇಂಧನದ ವೆಚ್ಚವನ್ನು ಹಂಚಿಕೊಳ್ಳಬಹುದಾದರೂ ಪೈಲಟು ತನ್ನ ಪಾಲನ್ನು ತಾನೇ ತೆರಬೇಕು. ಇದಲ್ಲದೆ ಹಿಂದಿನ 90 ದಿನಗಳಲ್ಲಿ ಮೂರು ಸಲವಾದರೂ ಏರಿ ಇಳಿದಿಲ್ಲದವನು ಮತ್ತೊಬ್ಬರನ್ನು ಕೂರಿಸಿಕೊಂಡು ಹಾರಕೂಡದೆಂಬ ನಿಯಮವೂ ಉಂಟು. ಆದಕಾರಣವೇ ಯಾವ ಊರಿಗೂ ಹೋಗದೆ, ನಿಲ್ದಾಣದ ಸುತ್ತ ಮೂರು ಪ್ರದಕ್ಷಿಣೆ ಹಾಕಿ ಇಳಿದು ಬಂದವರು ಕೂಡ ಆ ಕಾಫಿಯ ಮೇಜಿನ ಬಳಿ ಹೇಳುವುದಕ್ಕೆ ಏನನ್ನಾದರೂ ಪಡೆದಿರುತ್ತಾರೆ. ಕೈ ಮರೆತರೆ ವಿದ್ಯೆ ಮರೆತಂತೆ ಎಂಬುದನ್ನು ಅವರೆಲ್ಲರೂ ಬಲ್ಲರು.

ಅವರು ಹಾರಿಸುವ ವಿಮಾನಗಳಲ್ಲಿ ಸರ್ವಪರಿಚಿತವಾದುದು ಸೆಸ್ನಾ 172. 1956ರಿಂದ ಮಾರಾಟಕ್ಕೆ ಬಂದ ಈ ವಿಮಾನ ಇದುವರೆಗೆ 44,000ಕ್ಕೂ ಮಿಕ್ಕಿ ತಯಾರಾಗಿದೆ. ಲೋಕದಲ್ಲಿ ಮತ್ತಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ನಿರ್ಮಿತವಾದುದಿಲ್ಲ. ತಲೆಯ ಮೇಲೆ ರೆಕ್ಕೆ, ಮೂಗಿನಲ್ಲಿ ಒಂದೇ ಪ್ರೊಪೆಲ್ಲರು, ಒಳಗೆ ನಾಲ್ಕು ಆಸನ. ಜನರೂ ಇಂಧನವೂ ತುಂಬಿದ ಮೇಲೆ ಅದರ ತೂಕ 1200 ಕಿಲೋಗ್ರಾಮಿನೊಳಗೇ ಇರತಕ್ಕದ್ದು. ವೇಗ ಗಂಟೆಗೆ ಸುಮಾರು 200 ಕಿಲೋಮೀಟರು. ಇಂಧನ ಗಂಟೆಗೆ ಮೂವತ್ತು ಲೀಟರಿನ ಆಸುಪಾಸು.

ಇಂಥ ಸಣ್ಣ ವಿಮಾನದ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಪುಟವುಂಟು. 1951ರಲ್ಲಿ ಹಾರಿದ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ರೂಪಿಸಿದ ವಿ. ಎಂ. ಘಾಟಗೆಯವರ ಕಾಲದಲ್ಲಿಯೇ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ‘ಪುಷ್ಪಕ’ ಎಂಬ ಎರಡು ಆಸನದ ಹಗುರ ವಿಮಾನವನ್ನು ನಿರ್ಮಿಸಿತು. 1958ರಲ್ಲಿ ಮೊದಲ ಬಾರಿ ಮೇಲೇರಿದ ಅದು, ದೇಶದ ನಾನಾ ಭಾಗಗಳ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋಗಿ ಅದೆಷ್ಟೋ ತರುಣರಿಗೆ ಮೊದಲ ಪಾಠ ಹೇಳಿತು. ನಮ್ಮಲ್ಲಿಯೂ ಖಾಸಗಿ ಲೈಸೆನ್ಸಿಗೆ 17 ವರ್ಷ, 40 ಗಂಟೆಗಳೇ ಕಟ್ಟಳೆ. ಆದರೂ ಜಕ್ಕೂರಿನ ಹಾರಾಟದ ಶಾಲೆಯಂಥ ಕಡೆಗೆ ಬರುವವರಲ್ಲಿ ಬಹುಪಾಲಿನವರ ದೃಷ್ಟಿ ದೊಡ್ಡ ವಿಮಾನದ ಉದ್ಯೋಗದ ಮೇಲಿರುವುದು ಸಹಜವೇ. ಕೇವಲ ಸಂತೋಷಕ್ಕಾಗಿ ಹಾರುವ ಅನುಕೂಲವುಳ್ಳವರು ನಮ್ಮಲ್ಲಿ ವಿರಳ. 1929ರಲ್ಲಿ ಭಾರತದಲ್ಲಿಯೇ ಮೊದಲ ಪೈಲಟ್ ಲೈಸೆನ್ಸು ಪಡೆದ ಜೆ. ಆರ್. ಡಿ. ಟಾಟಾ ಅವರು, ವಿಮಾನ ಕಂಪೆನಿ ಕಟ್ಟಿದ ಮೇಲೆಯೂ ಹಾರಾಟದ ಆನಂದವನ್ನು ಬಿಡದೆ, 1932ರಲ್ಲಿ ತಾವು ಕರಾಚಿಯಿಂದ ಮುಂಬಯಿಗೆ ಅಂಚೆ ತಂದ ಪ್ರಯಾಣವನ್ನು ಐವತ್ತು ವರ್ಷಗಳ ಅನಂತರ, 1982ರಲ್ಲಿ, ಹಳೆಯ ಮಾದರಿಯ ಪುಟ್ಟ ವಿಮಾನದಲ್ಲಿ ತಾವೇ ಪುನಃ ನೆರವೇರಿಸಿದರು. ವಿರಳವಾದ ಆ ಬಳಗಕ್ಕೆ ಅವರಿಗಿಂತ ಶ್ರೇಷ್ಠ ನಿದರ್ಶನ ಬೇಕಿಲ್ಲ.

ಇನ್ನು ಆ ಮೇಜಿನ ಬಳಿಗೆ ಬರೋಣ. ಅಲ್ಲಿ ಹೇಳುವ ಕಥೆಗಳು ಸಾಮಾನ್ಯವಾಗಿ ವಿಮಾನ ನೆಲ ಬಿಡುವುದಕ್ಕೆ ಬಹಳ ಮುಂಚೆಯೇ ಆರಂಭವಾಗುತ್ತವೆ. ಪೈಲಟು ಮೊದಲು ವಿಮಾನವನ್ನು ಒಂದು ಸುತ್ತು ಬರುತ್ತಾನೆ. ಪ್ರೊಪೆಲ್ಲರಿನ ಅಂಚಿನ ಮೇಲೆ ಬೆರಳಾಡಿಸಿ, ಕಲ್ಲು ಸಿಡಿದು ಎಲ್ಲಿಯಾದರೂ ಕಚ್ಚು ಬಿದ್ದಿದೆಯೇ ಎಂದು ನೋಡುತ್ತಾನೆ. ಎಂಜಿನ್ನಿನ ಕಂಡಿಗಳಲ್ಲಿ ಹಕ್ಕಿ ಗೂಡು ಕಟ್ಟಿರಬಹುದು, ವೇಗವನ್ನಳೆಯುವ ಸಣ್ಣ ಕೊಳವೆಯೊಳಗೆ ಕೀಟ ಮನೆ ಮಾಡಿರಬಹುದು. ಅವನ್ನೂ ಬಗ್ಗಿ ಪರಿಶೀಲಿಸುತ್ತಾನೆ. ತರುವಾಯ ಪಾರದರ್ಶಕವಾದ ಒಂದು ಪ್ಲಾಸ್ಟಿಕ್ ಲೋಟವನ್ನು ರೆಕ್ಕೆಯ ಕೆಳಗಿರುವ ಸಣ್ಣ ಕವಾಟಕ್ಕೆ ಒತ್ತಿ, ಎರಡು ಬೆರಳು ಎತ್ತರದಷ್ಟು ಪೆಟ್ರೋಲನ್ನು ಹಿಡಿದುಕೊಂಡು ಆಕಾಶದ ಬೆಳಕಿಗೆ ಎತ್ತುತ್ತಾನೆ. ಈ ವಿಮಾನಗಳಿಗೆ ಹಾಕುವ ಇಂಧನಕ್ಕೆ ತಿಳಿನೀಲಿ ಬಣ್ಣ ಬೆರೆಸಿರುತ್ತಾರೆ. ರಾತ್ರಿಯ ಇಬ್ಬನಿಯಿಂದಲೋ ಮಳೆಯಿಂದಲೋ ತೊಟ್ಟಿಯೊಳಗೆ ನೀರು ಸೇರಿದ್ದರೆ, ಪೆಟ್ರೋಲಿಗಿಂತ ಭಾರವಾದ ಆ ನೀರು ಬಣ್ಣವಿಲ್ಲದ ಗುಂಡು ಹನಿಯಾಗಿ ಲೋಟದ ತಳದಲ್ಲಿ ಕೂರುತ್ತದೆ. ಹನಿ ಕಂಡರೆ ಚೆಲ್ಲಿ ಮತ್ತೆ ಹಿಡಿಯಬೇಕು, ಬರಿಯ ನೀಲಿ ಕಾಣುವವರೆಗೆ ಹಿಡಿಯುತ್ತಲೇ ಇರಬೇಕು. ರನ್‌ವೇಯ ತುದಿಯಲ್ಲಿ ನಿಂತು ಎಂಜಿನ್ನನ್ನು ಜೋರು ಮಾಡಿ, ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳಲ್ಲಿ ಒಂದೊಂದನ್ನೇ ನಿಲ್ಲಿಸಿ ಮತ್ತೊಂದು ತಾನೊಂದೇ ಭಾರ ಹೊರಬಲ್ಲುದೇ ಎಂದು ಪರೀಕ್ಷಿಸಿದ ಮೇಲಷ್ಟೆ ಏರುವ ಮಾತು. ಆಕಾಶದಲ್ಲಿ ರಸ್ತೆಯ ಬದಿ ಎಂಬುದಿಲ್ಲವಾದುದರಿಂದ ನಿಂತು ನೋಡುವ ಕೆಲಸವೆಲ್ಲವೂ ನೆಲದ ಮೇಲೆಯೇ ಮುಗಿಯಬೇಕು.

ಹಾರಾಟಕ್ಕೆ ಅವರು ಆರಿಸಿಕೊಳ್ಳುವುದು ಪ್ರಾತಃಕಾಲವನ್ನು. ಹೊತ್ತೇರಿದಂತೆ ಉತ್ತ ಹೊಲ, ಡಾಂಬರು, ಕಾಡು, ಕೆರೆ ಇವು ಬೇರೆ ಬೇರೆ ಪ್ರಮಾಣದಲ್ಲಿ ಕಾದು, ಅವುಗಳ ಮೇಲಣ ಗಾಳಿ ಅಸಮವಾಗಿ ಏಳತೊಡಗುವುದರಿಂದ, ಮಧ್ಯಾಹ್ನದ ಹೊತ್ತಿಗೆ ಹಗುರ ವಿಮಾನ ಕುಲುಕಾಡುತ್ತದೆ. ಕಾದ ಗಾಳಿ ವಿರಳವೂ ಆದುದರಿಂದ ಏರುವುದಕ್ಕೆ ಹೆಚ್ಚು ದೂರ ಓಡಬೇಕಾಗುತ್ತದೆ. ಸೂರ್ಯೋದಯದ ಅನಂತರದ ಒಂದೆರಡು ಗಂಟೆಗಳ ನಿಶ್ಚಲವಾದ ವಾಯುಮಂಡಲದಲ್ಲಿ ಐವತ್ತು ಅರುವತ್ತು ಮೈಲಿ ಹಾರಿ, ಇನ್ನೊಂದು ಚಿಕ್ಕ ನಿಲ್ದಾಣದಲ್ಲಿ ಉಪಾಹಾರ ಮಾಡಿ ಹಿಂದಿರುಗುವುದು ಇವರ ಮೆಚ್ಚಿನ ವಾಡಿಕೆ. ಕೆಲವರು ಉತ್ತರ ಕ್ಯಾರೊಲಿನಾದ ಕಡಲಂಚಿಗೆ ಹಾರಿಹೋಗಿ, 1903ರ ಡಿಸೆಂಬರ್ 17ರಂದು ರೈಟ್ ಸೋದರರ ವಿಮಾನ 12 ಸೆಕೆಂಡುಗಳಲ್ಲಿ 120 ಅಡಿ ಹಾರಿದ ಮರಳುನೆಲದ ಪಕ್ಕದಲ್ಲಿರುವ ಕಿರುನಿಲ್ದಾಣದಲ್ಲಿ ಇಳಿಯುತ್ತಾರೆ. ಅವರಿಗೆ ಅದು ತೀರ್ಥಯಾತ್ರೆಯೇ ಸರಿ.

ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲಣ ಹಾರಾಟವನ್ನು ಕೇಳಿದವರು ನಂಬುವುದು ಕಷ್ಟ. ಮೂರು ಮಹಾನಿಲ್ದಾಣಗಳ ನಡುವೆ, ನದಿಯ ಮೇಲೆ 1300 ಅಡಿಗಿಂತ ಕೆಳಗೆ, ಸಾಮಾನ್ಯ ಪೈಲಟೊಬ್ಬನು ನಿಯಂತ್ರಕರ ಅಪ್ಪಣೆಯಿಲ್ಲದೆಯೇ ಹೋಗಬಹುದು. ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನೂ ಬಳಿಕ ನದಿಯ ಮೇಲಿನ ದೊಡ್ಡ ಸೇತುವೆಯನ್ನೂ ದಾಟುವಾಗ ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ರೇಡಿಯೋದಲ್ಲಿ ತಾನೇ ಸಾರುತ್ತ, ತನ್ನ ಬಲಗಡೆಯ ದಂಡೆಯನ್ನು ಹಿಡಿದು, 140 ನಾಟ್ ಮೀರದ ವೇಗದಲ್ಲಿ ಸಾಗಬೇಕು. ಪಕ್ಕದಲ್ಲಿ 1776 ಅಡಿಯ ಗೋಪುರದ ತುದಿ ವಿಮಾನಕ್ಕಿಂತ ಮೇಲಿರುತ್ತದೆ! 2009ರ ಆಗಸ್ಟಿನಲ್ಲಿ ಇಲ್ಲಿ ಒಂದು ಸಣ್ಣ ವಿಮಾನವೂ ಪ್ರವಾಸಿಗಳ ಹೆಲಿಕಾಪ್ಟರೂ ಢಿಕ್ಕಿ ಹೊಡೆದು ಒಂಬತ್ತು ಮಂದಿ ಮೃತರಾದ ಮೇಲೆ, ಹಿಂದೆ ಕೇವಲ ಸಲಹೆಗಳಾಗಿದ್ದ ಈ ಕ್ರಮಗಳು ಕಡ್ಡಾಯವಾದವು. ಆ ದಾರಿಯಲ್ಲಿ ಹೋಗಿಬಂದವರು ದೃಶ್ಯವೈಭವದ ಜೊತೆಗೆ, ಯಾವ ತಿರುವಿನಲ್ಲಿ ಹೆಲಿಕಾಪ್ಟರುಗಳು ಕೆಳಗಿನಿಂದ ಏಳುತ್ತವೆ ಎಂಬುದನ್ನೂ ಮರೆಯದೆ ಹೇಳುವುದು ನನಗೆ ಮೆಚ್ಚಿಗೆಯಾದ ಗುಣ.

ಆದರೆ ಈ ಸಲ್ಲಾಪದ ಮಹಾಸಂತೆ ನೆರೆಯುವುದು ವಿಸ್ಕಾನ್ಸಿನ್ ಪ್ರಾಂತದ ಆಷ್‌ಕಾಷ್ ಎಂಬ ಊರಿನಲ್ಲಿ, ಜುಲೈ ತಿಂಗಳ ಕೊನೆಯ ಭಾಗದಲ್ಲಿ. 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು, ಸ್ವಂತ ಕೈಯಿಂದ ವಿಮಾನ ಕಟ್ಟುವವರಿಗಾಗಿ ಸ್ಥಾಪಿಸಿದ ಸಂಘದ ವಾರ್ಷಿಕ ಸಮ್ಮೇಳನ 1970ರಿಂದ ಅಲ್ಲಿ ನಡೆಯುತ್ತಿದೆ. ಸುಮಾರು 10,000 ವಿಮಾನಗಳು ಆ ಪ್ರದೇಶಕ್ಕೆ ಬಂದು ಸೇರುವುದರಿಂದ ಆ ಒಂದು ವಾರ ಅಲ್ಲಿಯ ಕಂಟ್ರೋಲ್ ಟವರು ಪ್ರಪಂಚದಲ್ಲೆಲ್ಲ ಅತ್ಯಂತ ಗಡಿಬಿಡಿಯದಾಗುತ್ತದೆ. ಇಷ್ಟು ಮಂದಿಯೂ ರೇಡಿಯೋದಲ್ಲಿ ಮಾತಾಡತೊಡಗಿದರೆ ಯಾರಿಗೂ ಏನೂ ಕೇಳಿಸದಾದೀತು. ಆದುದರಿಂದ ಪೈಲಟುಗಳು ಮೌನದಿಂದ ಬರತಕ್ಕದ್ದೆಂದು ವಿಧಿಸಿದ್ದಾರೆ. ರಿಪನ್ ಎಂಬ ಊರಿನಿಂದ ಫಿಸ್ಕ್ ಎಂಬ ಹಳ್ಳಿಯವರೆಗೆ ರೈಲುಹಳಿಯ ನೇರಕ್ಕೆ, 90 ನಾಟ್ ವೇಗದಲ್ಲಿ, 1800 ಅಡಿ ಎತ್ತರದಲ್ಲಿ, ಮುಂದಿನ ವಿಮಾನಕ್ಕೂ ತನಗೂ ಅರ್ಧ ಮೈಲಿ ಅಂತರವಿಟ್ಟು, ಒಂದೇ ಸಾಲಿನಲ್ಲಿ ಬರಬೇಕು. ಫಿಸ್ಕಿನಲ್ಲಿ ನೆಲದ ಮೇಲೆ ನಿಂತ ನಿಯಂತ್ರಕರು ದುರ್ಬೀನು ಹಿಡಿದು ನೋಡಿ, ವಿಮಾನವನ್ನು ಅದರ ಬಣ್ಣದಿಂದಲೂ ಆಕಾರದಿಂದಲೂ ಗುರುತಿಸಿ, ರೆಕ್ಕೆಯಾಡಿಸುವಂತೆ ಹೇಳುವರು. ಕೆಂಪು ಪಟ್ಟೆಯ ಎತ್ತರರೆಕ್ಕೆಯ ವಿಮಾನ ಎಡಕ್ಕೂ ಬಲಕ್ಕೂ ವಾಲಿತೆಂದರೆ ಉತ್ತರ ದೊರೆತಂತಾಯಿತು; ಮುಂದಿನ ದಾರಿ ಇಂಥದೆಂದು ಆಜ್ಞೆಯಾಗುತ್ತದೆ. ಕೊನೆಗೆ ರನ್‌ವೇಯ ಮೇಲೆ ಬಳಿದಿರುವ ದೊಡ್ಡ ಬಣ್ಣದ ಚುಕ್ಕೆಗಳಲ್ಲಿ, ಇದೇ ಚುಕ್ಕೆಯ ಮೇಲೆ ಇಳಿಯಬೇಕೆಂದು ಸೂಚನೆ ಬರುವುದು. ಒಂದೇ ರನ್‌ವೇಯ ಬೇರೆ ಬೇರೆ ಚುಕ್ಕೆಗಳಲ್ಲಿ ಎರಡು ಮೂರು ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿರುತ್ತವೆ. ಇಳಿದವರು ಹುಲ್ಲಿನ ಮೇಲೆ ವಿಮಾನವನ್ನು ಕಟ್ಟಿ, ರೆಕ್ಕೆಯ ನೆರಳಿನಲ್ಲಿ ಡೇರೆ ಹೊಡೆದು, ನೆರೆಯ ಡೇರೆಯವನ ಕಥೆ ಕೇಳಲು ಕೂರುವರು. ವರ್ಷವಿಡೀ ನೂರಾರು ಹ್ಯಾಂಗರುಗಳಲ್ಲಿ ಚದುರಿಹೋಗಿದ್ದ ಅನುಭವ ಇಲ್ಲಿ ಒಂದೆಡೆ ಕೂಡುತ್ತದೆ.

ಈ ಕಥೆಗಳಲ್ಲಿ ನಾನು ಅತಿಶಯವಾಗಿ ಗೌರವಿಸುವುದು ಹೋಗಲಾರದೆ ಹಿಂದಿರುಗಿದವರ ಕಥೆಯನ್ನು. ಇದಕ್ಕೆ ಕಾರಣವುಂಟು. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಮೋಡದೊಳಗೆ ಉಪಕರಣಗಳನ್ನೇ ನಂಬಿ ಹಾರುವ ಶಿಕ್ಷಣವಿಲ್ಲದ 20 ಮಂದಿಯನ್ನು, ಹೊರಗಿನದೇನೂ ಕಾಣದಂತೆ ಮಾಡಿ, ಶಿಕ್ಷಕರನ್ನು ಪಕ್ಕದಲ್ಲಿರಿಸಿ, ವಿಮಾನ ನಡೆಸಲು ಬಿಟ್ಟರು. ಇಪ್ಪತ್ತು ಮಂದಿಯೂ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡು, ಎಂದರೆ ಮೂರು ನಿಮಿಷ ಕೂಡ ಇಲ್ಲ. ದಿಗಂತ ಕಣ್ಣಿಗೆ ಬೀಳದಿದ್ದಾಗ ನಾವು ಸಮತೋಲಕ್ಕಾಗಿ ನಂಬುವುದು ಒಳಗಿವಿಯನ್ನು. ಅದರ ನಾಳಗಳಲ್ಲಿರುವ ದ್ರವವು ನಿಧಾನವಾದ ತಿರುಗುವಿಕೆಯನ್ನು ಸ್ವಲ್ಪ ಹೊತ್ತಿನಲ್ಲಿಯೇ ಅರಿಯದಂತಾಗಿ, ಸುರುಳಿಯಾಗಿ ಕೆಳಗಿಳಿಯುತ್ತಿರುವ ವಿಮಾನ ನೇರವಾಗಿ ಸಾಗುತ್ತಿದೆಯೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಆ ಸಂಶೋಧಕರು ಅಷ್ಟಕ್ಕೇ ನಿಲ್ಲದೆ, ಉಪಕರಣಗಳ ಸಹಾಯದಿಂದ ಮೆಲ್ಲಗೆ ಅರ್ಧ ವೃತ್ತ ತಿರುಗಿ ಬಂದ ದಾರಿಯಲ್ಲೇ ಹೊರಬೀಳುವ ಕ್ರಮವನ್ನು ಆ ಮಂದಿಗೆ ಕಲಿಸಿದರು. ಕಲಿತ ಮೇಲೆ ಬಹುತೇಕ ಎಲ್ಲರೂ ಅದರಲ್ಲಿ ಸಮರ್ಥರಾದರು. ಮೋಡ ತಗ್ಗುತ್ತಿರುವುದನ್ನು ಕಂಡು, ಊರು ಇಪ್ಪತ್ತೇ ಮೈಲಿ ಉಳಿದಿದ್ದಾಗ, ಅಲ್ಲಿ ಕಾದಿರುವ ನೆಂಟರಿಷ್ಟರ ನೆನಪು ಎಳೆಯುತ್ತಿರುವಾಗ, ಹಿಂದಿರುಗಿ ಬಂದೆನೆಂದು ಒಬ್ಬನು ಹೇಳಿದರೆ, ಮೇಜಿನ ಸುತ್ತ ಕುಳಿತ ಹಿರಿಯರು ತಲೆದೂಗುವರು. ಕಿರಿಯನೊಬ್ಬನು ಅದನ್ನು ಕೇಳಿಸಿಕೊಂಡಿರುತ್ತಾನೆ. ಮುಂದೊಂದು ದಿನ ತಾನೂ ಹಿಂದಿರುಗಿದರೆ ಅವಮಾನವೇನೂ ಇಲ್ಲವೆಂಬುದು ಅವನಿಗೆ ಆಗಲೇ ಮನದಟ್ಟಾಗಿರುತ್ತದೆ.

ಹೇಳದೆ ಉಳಿದ ಕಥೆಯಿಂದ ಆಗುವ ಅನಾಹುತವನ್ನು ದೊಡ್ಡ ವಿಮಾನಗಳ ಲೋಕ ಒಮ್ಮೆ ಘೋರವಾಗಿ ಅನುಭವಿಸಿತು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಸಮೀಪದ ಡಲ್ಲಸ್ ನಿಲ್ದಾಣಕ್ಕೆ ಬರುತ್ತಿದ್ದ ಟಿಡಬ್ಲ್ಯುಎ 514 ವಿಮಾನವು, ನಿಯಂತ್ರಕರ ಅನುಮತಿಯ ಅರ್ಥವನ್ನು ಪೈಲಟುಗಳು ಬೇರೆಯಾಗಿ ಗ್ರಹಿಸಿದುದರಿಂದ ಬೇಗನೆ ಕೆಳಗಿಳಿದು, ವರ್ಜೀನಿಯಾದ ಬೆಟ್ಟಕ್ಕೆ ಬಡಿಯಿತು; ಒಳಗಿದ್ದ 92 ಮಂದಿಯೂ ಮಡಿದರು. ಆರು ವಾರಗಳ ಹಿಂದೆ ಬೇರೊಂದು ಕಂಪೆನಿಯ ಪೈಲಟುಗಳು ಅದೇ ಸ್ಥಳದಲ್ಲಿ ಅದೇ ತಪ್ಪುಗ್ರಹಿಕೆಗೆ ಸಿಕ್ಕಿ ಸ್ವಲ್ಪದರಲ್ಲಿ ಪಾರಾಗಿದ್ದರೆಂಬುದೂ, ಆ ಎಚ್ಚರಿಕೆ ಅವರ ಕಂಪೆನಿಯೊಳಗೇ ಉಳಿದುಹೋಗಿತ್ತೆಂಬುದೂ ಆಮೇಲೆ ಬೆಳಕಿಗೆ ಬಂದಿತು. ಇದರ ಫಲವಾಗಿ 1976ರಲ್ಲಿ ಒಂದು ವ್ಯವಸ್ಥೆ ಏರ್ಪಟ್ಟಿತು: ತಪ್ಪನ್ನೋ ಅಪಾಯವನ್ನೋ ಕಂಡ ಪೈಲಟು ಅದನ್ನು ಬರೆದು, ಶಿಕ್ಷಿಸುವ ಅಧಿಕಾರವಿರುವ ಇಲಾಖೆಗೆ ಕಳುಹಿಸದೆ, ಆ ಅಧಿಕಾರವಿಲ್ಲದ ನಾಸಾ ಸಂಸ್ಥೆಗೆ ಕಳುಹಿಸುತ್ತಾನೆ. ಅಲ್ಲಿಯವರು ಓದಿ, ಹೆಸರು ವಿಳಾಸಗಳಿರುವ ಭಾಗವನ್ನು ಪತ್ರದಿಂದ ಬೇರ್ಪಡಿಸಿ ಅವನಿಗೇ ಹಿಂದಿರುಗಿಸಿಬಿಡುತ್ತಾರೆ. ಗುರುತು ಕಳೆದ ವೃತ್ತಾಂತ ಮಾತ್ರ ಎಲ್ಲರ ಅಧ್ಯಯನಕ್ಕೆ ಉಳಿಯುತ್ತದೆ. ಅವುಗಳಿಂದ ಆಯ್ದವು ‘ಕಾಲ್‌ಬ್ಯಾಕ್’ ಎಂಬ ಮಾಸಿಕ ಪತ್ರಿಕೆಯಲ್ಲಿ ಪ್ರಕಟವಾಗುತ್ತಿವೆ. ಅದರಲ್ಲಿ ಮಹಾವಿಮಾನದ ಕ್ಯಾಪ್ಟನ್ ಬರೆದ ವರದಿಯ ಪಕ್ಕದಲ್ಲಿಯೇ, ಭಾನುವಾರ ಹಾರಲು ಹೋಗಿ ಇಂಧನದ ಲೆಕ್ಕ ತಪ್ಪಿದ ಸೆಸ್ನಾದವನ ವರದಿಯೂ ಅಷ್ಟೇ ಗೌರವದಿಂದ ಸ್ಥಾನ ಪಡೆಯುತ್ತದೆ.