ಯಾಕ ಲೇಟ್ ಆಗ್ಯಾದ, ಬರದು ಕೊಡ್ರಿ

ಹೈದರಾಬಾದಿನ ಮಣಿಕೊಂಡದಲ್ಲಿ ಮನೆ ಮಾಡಿರುವ ಬೆಂಗಳೂರಿನವರಿಗೆ ಶುಕ್ರವಾರ ಸಂಜೆ ಒಂದೇ ಚಿಂತೆ. ಲ್ಯಾಂಕೊ ಹಿಲ್ಸ್ ಕಡೆಯ ಟ್ರಾಫಿಕ್ಕಿನಿಂದ ಹೇಗಾದರೂ ನುಸುಳಿಕೊಂಡು ನಾರ್ಸಿಂಗಿ ಹತ್ತಿರ ಔಟರ್ ರಿಂಗ್ ರೋಡ್ ಹತ್ತಿಬಿಡಬೇಕು. ಹತ್ತಿದರೆ ಶಂಶಾಬಾದ್ ವಿಮಾನ ನಿಲ್ದಾಣ ಸೇರಿದ ಹಾಗೆಯೇ. ಆಮೇಲೆ ಒಂದೂಕಾಲು ಗಂಟೆಯ ಹಾರಾಟ, ಹನ್ನೊಂದೂವರೆಗೆಲ್ಲ ಅಮ್ಮನ ಮನೆಯಲ್ಲಿ ಅನ್ನ ಸಾರು.

ಒಂದು ಮಳೆಗಾಲದ ಶುಕ್ರವಾರ ನನ್ನ 9.05ರ ವಿಮಾನ 9.50 ಆಯಿತು. ಆಮೇಲೆ 10.40. ಆಮೇಲೆ 12.15. ಹೊರಗೆ ಮಳೆ ನಿಂತು ಎಷ್ಟೋ ಹೊತ್ತಾಗಿತ್ತು, ಬೇರೆ ವಿಮಾನಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ಹನ್ನೊಂದೂಕಾಲಕ್ಕೆ ಎಲ್ಲರ ಕೈಗೂ ಕೂಪನ್ ಬಂತು: ಒಂದು ವೆಜ್ ಪಫ್, ಒಂದು ಪೊಟ್ಟಣ ಮಾವಿನ ಜ್ಯೂಸು. ಪಫ್ಫಿನ ಅಂಚು ಸುಡುತ್ತಿತ್ತು, ನಡುವೆ ಇನ್ನೂ ಫ್ರಿಜ್ಜಿನ ತಂಪಿತ್ತು. ಪಕ್ಕದ ಕುರ್ಚಿಯಲ್ಲಿದ್ದ ರಾಯಚೂರು ಕಡೆಯ ಹಿರಿಯರು ಅದನ್ನು ಮುಟ್ಟಲೂ ಇಲ್ಲ. ಬೋರ್ಡಿಂಗ್ ಪಾಸನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ಪ್ರತಿ ಹೊಸ ಸಮಯವನ್ನೂ ಪೆನ್ನಿನಲ್ಲಿ ಒಂದರ ಕೆಳಗೊಂದು ಬರೆಯುತ್ತಿದ್ದರು. ಸಮಯ ಬದಲಾದಾಗಲೆಲ್ಲ ಎದ್ದು ಕೌಂಟರಿಗೆ ಹೋಗಿ ಒಂದೇ ಮಾತು. "ಯಾಕ ಲೇಟ್ ಆಗ್ಯಾದ ಅಂತ ಬರದು ಕೊಡ್ರಿ."

"ಆಪರೇಷನಲ್ ರೀಸನ್ ಸರ್."

"ಅದನ್ನೇ ಬರದು ಕೊಡ್ರಿ ಮತ್ತ."

ಕೌಂಟರಿನ ಹುಡುಗಿ ಬರೆದುಕೊಡಲಿಲ್ಲ. ನನಗೂ ಆಗ ಅದು ವಯಸ್ಸಾದವರ ಹಟದಂತೆ ಕಂಡಿತು. ನಿಯಮಗಳನ್ನು ಕೂತು ಓದಿದ ಮೇಲೆ, ಆ ಗೇಟಿನಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದವರು ಅವರೊಬ್ಬರೇ ಅನ್ನಿಸಿದೆ.

ಇಂಡಿಯಾದಲ್ಲಿ ವಿಮಾನ ಇಷ್ಟು ಗಂಟೆ ತಡವಾದರೆ ಇಷ್ಟು ರೂಪಾಯಿ ಎನ್ನುವ ನಿಯಮವೇ ಇಲ್ಲ. ವಿಮಾನಯಾನದ ನಿಯಂತ್ರಕ ಡಿಜಿಸಿಎ 2010ರಲ್ಲಿ ತಂದು ಆಮೇಲೆ ತಿದ್ದುತ್ತ ಬಂದಿರುವ ನಿಯಮಾವಳಿಯಲ್ಲಿ ತಡಕ್ಕೆ ಸಿಗುವುದು ಊಟ, ಟಿಕೆಟ್ ಹಣ, ಹಾಸಿಗೆ, ಅಷ್ಟೇ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ತಿಂಡಿ ಕೊಡಬೇಕು. ಆರು ಗಂಟೆ ಮೀರುವ ಹಾಗಿದ್ದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್ಸು, ಯಾವುದು ಬೇಕೆಂದು ಪ್ರಯಾಣಿಕನನ್ನು ಕೇಳಬೇಕು. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಾದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ಕೋಣೆ, ಹೋಗಿ ಬರಲು ಗಾಡಿ. ಅಂದರೆ ನಮ್ಮ ಪಾಲಿಗೆ ಅವತ್ತು ಪಫ್ ಒಂದೇ.

ಅದೇ ವಿಮಾನವನ್ನು ಮೊದಲೇ ತಿಳಿಸದೆ ರದ್ದು ಮಾಡಿದ್ದರೆ ಕಥೆ ಬೇರೆ. ಹೈದರಾಬಾದ್–ಬೆಂಗಳೂರಿನಂಥ ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ ₹7,500, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಕಡಿಮೆಯದ್ದು. ಅದಕ್ಕಿಂತ ಚಿಕ್ಕ ಹಾರಾಟಕ್ಕೆ ಮಿತಿ ₹5,000, ದೊಡ್ಡದಕ್ಕೆ ₹10,000. ಟಿಕೆಟ್ ಬುಕ್ ಮಾಡುವಾಗ ಕೊಟ್ಟ ಫೋನ್ ನಂಬರು ನಿಮ್ಮದೇ ಆಗಿರಬೇಕು, ಏಜೆಂಟನದಾಗಿದ್ದರೆ "ತಿಳಿಸಿದ್ದೆವು" ಎಂದು ಕೈತೊಳೆದುಕೊಳ್ಳುತ್ತಾರೆ. 'ತಡ' ಎಂದರೆ ಪಫ್, 'ರದ್ದು' ಎಂದರೆ ನಗದು. ಹೀಗಿರುವಾಗ ಬೋರ್ಡಿನ ಮೇಲೆ ಯಾವ ಪದ ಹೆಚ್ಚು ಹೊತ್ತು ಮಿನುಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಇಂಡಿಗೊ ಸಜ್ಜಾಗಿರದೆ ದೇಶದ ಉದ್ದಗಲಕ್ಕೂ ವಿಮಾನಗಳು ರದ್ದಾದಾಗ, ತೀರಾ ತೊಂದರೆಗೆ ಸಿಕ್ಕವರಿಗೆ ಕಂಪನಿ ಈ ಪರಿಹಾರದ ಮೇಲೆ ₹10,000ದ ವೋಚರನ್ನೂ ಘೋಷಿಸಿತು. ಅದನ್ನು ಖರ್ಚು ಮಾಡಲು ಮತ್ತೆ ಅದೇ ಕಂಪನಿಯ ವಿಮಾನವನ್ನೇ ಹತ್ತಬೇಕು!

ಇವೆಲ್ಲಕ್ಕೂ ಒಂದು ಕಿಂಡಿಯಿದೆ. ಹವಾಮಾನ, ಏರ್ ಟ್ರಾಫಿಕ್ ಕಂಟ್ರೋಲ್, ಭದ್ರತೆ, ಮುಷ್ಕರ, ಗಲಭೆ ಇಂಥ ಕೈಮೀರಿದ ಕಾರಣವಾದರೆ ಪರಿಹಾರದ ಮಾತಿಲ್ಲ. ಆದ್ದರಿಂದಲೇ ಕಾರಣ ಮುಖ್ಯ. 'ಆಪರೇಷನಲ್ ರೀಸನ್' ಎನ್ನುವುದು ಕಾರಣವಲ್ಲ, ಕಾರಣದ ಮೇಲೆ ಹೊದಿಸಿದ ಬಟ್ಟೆ.

ಇಂಥದೊಂದು ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಹೈದರಾಬಾದಿನಿಂದಲೇ. 2007ರ ಡಿಸೆಂಬರ್ 14ರಂದು ದೆಹಲಿಯಲ್ಲಿ ದಟ್ಟ ಮಂಜು. ಹೈದರಾಬಾದಿಗೆ ಹೊರಟಿದ್ದ ಇಂಡಿಗೊ 6ಇ-301 ವಿಮಾನದೊಳಗೆ ಪ್ರಯಾಣಿಕರು ಬೆಳಗ್ಗೆಯೇ ಕೂತಿದ್ದರು. ಕೊನೆಗೆ ಆ ವಿಮಾನ ರದ್ದೆಂದರು. ಹಣ ವಾಪಸ್ಸು ಪಡೆಯಿರಿ, ಮುಂದಿನ ಪ್ರಯಾಣಕ್ಕೆ ಜಮಾ ಇಟ್ಟುಕೊಳ್ಳಿ, ಇಲ್ಲವೇ ನಂತರದ ವಿಮಾನದಲ್ಲಿ ಹೋಗಿ ಎಂದು ಮೂರು ದಾರಿ ಕೊಟ್ಟರು. ಒಬ್ಬರು ಮೂರನೆಯದನ್ನು ಹಿಡಿದು ವಿಮಾನದಲ್ಲೇ ಉಳಿದರು. ಒಳಗೆ ಸುಮಾರು ಹನ್ನೊಂದು ಗಂಟೆ ಕೂತದ್ದಾಯಿತು. ಊರಿಗೆ ಬಂದವರು (ಆಗಿನ್ನೂ ಶಂಶಾಬಾದ್ ತೆರೆದಿರಲಿಲ್ಲ, ಬೇಗಂಪೇಟೆಯ ಕಾಲ) ₹5 ಲಕ್ಷ ಕೇಳಿ ಹೈದರಾಬಾದಿನ ಕಾಯಂ ಲೋಕ ಅದಾಲತ್ತಿಗೆ ಹೋದರು. ಅದಾಲತ್ತು ಕೊಟ್ಟದ್ದು ₹10,000 ಮತ್ತು ಖರ್ಚಿಗೆ ₹2,000.

ಕಂಪನಿ ಸುಮ್ಮನಾಗಲಿಲ್ಲ. ಟಿಕೆಟ್ಟಿನ ಷರತ್ತಿನ ಪ್ರಕಾರ ಎಲ್ಲ ತಕರಾರೂ ದೆಹಲಿ ಕೋರ್ಟುಗಳಲ್ಲೇ ತೀರಬೇಕು ಎಂದು ವಾದಿಸಿತು. ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈ 4ರ ತೀರ್ಪು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಪ್ರಯಾಣಿಕರ ಕೈಯಲ್ಲಿದ್ದ ₹10,000 ಹೋಯಿತು. ಮಂಜು ಕಂಪನಿಯ ತಪ್ಪಲ್ಲ, ತಿನ್ನಲು ಕುಡಿಯಲು ಕೊಟ್ಟಿದ್ದರು, ಉಳಿಯುವುದನ್ನು ಆರಿಸಿಕೊಂಡವರು ಅವರೇ ಎಂದಿತು ಕೋರ್ಟು. ಆದರೆ ದೆಹಲಿ ಷರತ್ತು ಕಾಯಂ ಲೋಕ ಅದಾಲತ್ತನ್ನು ಕಟ್ಟಿಹಾಕದು, ಅಗ್ಗದ ಟಿಕೆಟ್ ಮಾರಿದೆ ಎಂಬ ನೆಪದಲ್ಲಿ ಪ್ರಯಾಣಿಕರ ಕಾಳಜಿಯಿಂದ ನುಣುಚಿಕೊಳ್ಳುವಂತಿಲ್ಲ ಎಂಬ ಎರಡು ಮಾತು ಅದೇ ತೀರ್ಪಿನಲ್ಲಿ ಉಳಿದವು. ಹಣ ಸೋತು ದಾರಿ ಗೆದ್ದ ಮೊಕದ್ದಮೆ ಎನ್ನಬಹುದು.

ಹತ್ತು ವರ್ಷದ ನಂತರ ಅದೇ ಕೋರ್ಟು ರೈಲಿನ ಪ್ರಕರಣವೊಂದರಲ್ಲಿ ಬೇರೆ ದಿಕ್ಕಿನಿಂದ ಮಾತಾಡಿತು. ಜಮ್ಮುವಿಗೆ ನಾಲ್ಕು ಗಂಟೆ ತಡವಾಗಿ ಬಂದ ರೈಲಿನಿಂದ ಒಂದು ಕುಟುಂಬಕ್ಕೆ ಶ್ರೀನಗರದ ವಿಮಾನ ತಪ್ಪಿತ್ತು. ತಡಕ್ಕೆ ತನ್ನ ಕೈಮೀರಿದ ಕಾರಣವಿತ್ತೆಂದು ರೈಲ್ವೆ ತೋರಿಸಬೇಕು, ತೋರಿಸಿಲ್ಲ, ಹಾಗಾಗಿ ಪರಿಹಾರ ಕೊಡಲಿ ಎಂದು 2021ರಲ್ಲಿ ಹೇಳಿತು. ಅಲ್ಲಿ ಮಂಜು ಎಂಬ ಕಾರಣವಿತ್ತು, ಇಲ್ಲಿ ಬಾಯಿಗೆ ಬೀಗ.

ಈಗ ಲೋಕ ಅದಾಲತ್ತಿನ ಸುತ್ತು ಬೇಕೇ ಬೇಕೆಂದಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಮಣಿಕೊಂಡದವರಿಗೆ ಅದು ರಂಗಾರೆಡ್ಡಿ ಜಿಲ್ಲೆ. ಕೊಟ್ಟ ಬೆಲೆ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಆಗುತ್ತದೆ. ಅದಕ್ಕೂ ಮೊದಲು ಕಂಪನಿಗೆ ಮೇಲ್, ಆಮೇಲೆ ಸರ್ಕಾರದ ಏರ್‌ಸೇವಾ ಪೋರ್ಟಲ್, ಗ್ರಾಹಕ ಸಹಾಯವಾಣಿ 1915. ಇಷ್ಟರಲ್ಲೇ ಎಷ್ಟೋ ತಕರಾರು ಇತ್ಯರ್ಥವಾಗುತ್ತವೆ.

ಮಕ್ಕಳನ್ನು ನೋಡಲು ಜರ್ಮನಿಗೆ ಹೋಗುವ ಅಪ್ಪ ಅಮ್ಮಂದಿರು ಮಣಿಕೊಂಡದ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ. ಅವರು ಇನ್ನೊಂದು ಸಂಗತಿ ತಿಳಿದಿರಬೇಕು. ಯುರೋಪಿನ 2004ರ 261ನೇ ನಿಯಮ ಅಲ್ಲಿಂದ ಹೊರಡುವ ಯಾವುದೇ ವಿಮಾನಕ್ಕೆ ಅನ್ವಯಿಸುತ್ತದೆ, ಅಲ್ಲಿಗೆ ಹೋಗುವ ಯುರೋಪಿನ ಕಂಪನಿಯ ವಿಮಾನಕ್ಕೂ ಸಹ. ಹೈದರಾಬಾದಿನಿಂದ ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟಿಗೆ ಕಂಪನಿಯ ತಪ್ಪಿನಿಂದ ನಾಲ್ಕು ಗಂಟೆ ಮೀರಿ ತಡವಾಗಿ ಇಳಿದರೆ ತಲೆಗೆ 600 ಯೂರೊ. ಅದೇ ದಾರಿಯಲ್ಲಿ ನಮ್ಮ ದೇಶದ ಕಂಪನಿಯ ವಿಮಾನದಲ್ಲಿ ಹೋದರೆ ಆ ನಿಯಮ ಲೆಕ್ಕಕ್ಕಿಲ್ಲ. ಸಾಮಾನ್ಯ ತಾಂತ್ರಿಕ ದೋಷವನ್ನು 'ಕೈಮೀರಿದ್ದು' ಎನ್ನಲು ಅಲ್ಲಿನ ನ್ಯಾಯಾಲಯ 2008ರಿಂದಲೂ ಬಿಡುತ್ತಿಲ್ಲ. ಅಲ್ಲಿನ ಜಗಳ ಎಷ್ಟು ಸೂಕ್ಷ್ಮವೆಂದರೆ, ಒಂದು ವಿಮಾನದ ಚಕ್ರ ನೆಲ ಮುಟ್ಟಿದ್ದು ಎರಡು ಗಂಟೆ ಐವತ್ತೆಂಟು ನಿಮಿಷ ತಡವಾಗಿ, ನಿಲ್ದಾಣದಲ್ಲಿ ಬಂದು ನಿಂತದ್ದು ಮೂರು ಗಂಟೆ ಮೂರು ನಿಮಿಷ ತಡವಾಗಿ. ಏನಾದರೂ ದುಡ್ಡು ಸಿಗಲು ಕನಿಷ್ಠ ಮೂರು ಗಂಟೆ ತಡವಾಗಿರಬೇಕು. ತಲುಪಿದ್ದು ಎಂದರೆ ಯಾವಾಗ? ಬಾಗಿಲು ತೆರೆದಾಗ ಎಂದಿತು ಕೋರ್ಟು, 2014ರಲ್ಲಿ.

ನಮ್ಮ ವಿಮಾನ ಕೊನೆಗೆ 12.50ಕ್ಕೆ ಹೊರಟಿತು. ಬೆಂಗಳೂರಿನಲ್ಲಿ ಇಳಿದು ನಿಂತ ಕೂಡಲೇ ಎಲ್ಲರೂ ಎದ್ದು ಮೇಲಿನ ಬ್ಯಾಗುಗಳಿಗೆ ಕೈಹಾಕಿದರು. ಎರಡು ಸಾಲು ಮುಂದಿದ್ದ ಹಿರಿಯರು ಮಾತ್ರ ಏಳಲಿಲ್ಲ. ಬಾಗಿಲು ತೆರೆದು ತಂಪು ಗಾಳಿ ಒಳಗೆ ಬಂದಾಗ ಕೈಗಡಿಯಾರ ನೋಡಿಕೊಂಡು, ಬೋರ್ಡಿಂಗ್ ಪಾಸಿನ ಹಿಂದೆ ಕೊನೆಯ ಸಾಲು ಬರೆದರು: 2.07.